ಹೊಗೆ

ಹಳಗನ್ನಡದಲ್ಲಿ ಇದು 'ಪೊಗೆ'. ತಮಿಳಿನ ಪುಗೈ, ಮಲಯಾಳದ ಪುಕ, ತೆಲುಗಿನ ಪೊಗ ಇದರ ಒಡಹುಟ್ಟುಗಳು. ಪಾಲು ಹಾಲಾದ, ಪುಲಿ ಹುಲಿಯಾದ ದಾರಿಯಲ್ಲೇ ಪೊಗೆ ಹೊಗೆಯಾಯಿತು. ಹೊಗೆಸೊಪ್ಪು, ಹೊಗೆಗೂಡು, ಹೊಗೆಬತ್ತಿ ಎಲ್ಲ ಇದರ ಸಂತಾನ. ನನಗೆ ಇವುಗಳಲ್ಲಿ ಅತಿ ಪ್ರಿಯವಾದದ್ದು 'ಹೊಗೆಯಾಡು'. ಗಾಳಿಯಾಡುವಂತೆ, ನೀರಾಡುವಂತೆ ಹೊಗೆಯೂ ಆಡುತ್ತದೆ. ಮನಸ್ಸಿನ ಅಸಮಾಧಾನವೂ ಒಳಗೊಳಗೇ ಹೊಗೆಯಾಡುತ್ತದೆ.

ಹೊಗೆಯ ಆಟ ಎಷ್ಟು ದೂರ ಸಾಗುತ್ತದೆಂದು ತೋರಿಸಿದ್ದು ಉಪಗ್ರಹಗಳು. 2023ರ ಜೂನ್‌ನಲ್ಲಿ ಕೆನಡಾದ ಕ್ವಿಬೆಕ್ ಕಾಡುಗಳು ಹೊತ್ತಿ ಉರಿದಾಗ ಹೊಗೆ ನೂರಾರು ಕಿಲೋಮೀಟರ್ ತೆಂಕಣಕ್ಕೆ ಹರಿದು ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಭೂಸ್ಥಿರ ಉಪಗ್ರಹಗಳು ಕೆಲವೇ ನಿಮಿಷಗಳಿಗೊಮ್ಮೆ ಚಿತ್ರ ತೆಗೆಯುವುದರಿಂದ ಆ ಹರಿವನ್ನು ಕಣ್ಣಾರೆ ಹಿಂಬಾಲಿಸಬಹುದಿತ್ತು. ಚಿತ್ರದಲ್ಲಿ ಮೋಡ ಅಚ್ಚ ಬಿಳುಪು. ಹೊಗೆ ಬೂದು, ಕಂದು, ಅಂಚು ಮಸುಕು. ಇನ್ನೊಂದು ಸೋಜಿಗವಿದೆ: ಕಣ್ಣಿಗೆ ದಟ್ಟವಾದ ಹೊಗೆ ಅವಕೆಂಪು ಕಿರಣಗಳಿಗೆ ಬಹುಮಟ್ಟಿಗೆ ಪಾರದರ್ಶಕ. ಅದರ ಕಣಗಳು ಆ ಅಲೆಗಳ ಉದ್ದಕ್ಕಿಂತ ತೀರ ಚಿಕ್ಕವು. ಹಾಗಾಗಿ 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿಐಐಆರ್‌ಎಸ್ ಉಪಕರಣ, 375 ಮೀಟರ್ ವಿವರದಲ್ಲಿ, ಹೊಗೆಯ ಕೆಳಗಿನ ಬೆಂಕಿಯನ್ನೇ ಗುರುತಿಸಬಲ್ಲದು.

ಪತ್ರಿಕೆಗಳು ಹೀಗೆ ಕವಿದ ಹೊಗೆಯನ್ನು ಒಮ್ಮೊಮ್ಮೆ 'ಮಂಜು' ಎನ್ನುತ್ತವೆ. ಅದು ತಪ್ಪು, ಅಪಾಯಕಾರಿ ತಪ್ಪು. ಮಂಜು ನೀರಹನಿ, ಬಿಸಿಲೇರಿದರೆ ಕರಗುತ್ತದೆ. ಹೊಗೆಯ ಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಹರಡಿ ತೆಳುವಾದ ಹೊಗೆಗೆ 'ಹೊಗೆಮಬ್ಬು' ಎಂದರೆ ಸಾಕು, ಮೂಲವೂ ಮರೆಯಾಗದು.