ಚೀನೀಯೋ, ಜಪಾನೀಯೋ, ಕೊರಿಯನ್ನೋ... ಅಥವಾ ಮೋಡಿಯೋ?

ಹೋದ ತಿಂಗಳು ಆಫೀಸಿನಲ್ಲಿ ಒಂದು ಮೇಲ್ ಬಂತು. ಚೀನೀ, ಜಪಾನೀ, ಕೊರಿಯನ್, ಈ ಮೂರರಲ್ಲಿ ಒಂದು ಭಾಷೆ ಆರಿಸಿಕೊಳ್ಳಿ, ಖರ್ಚು ಕಂಪನಿಯದು, ತಿಂಗಳ ಕೊನೆಯೊಳಗೆ ತಿಳಿಸಿ ಅಂತ. "ಯಾವುದಾದ್ರೇನು, ಮೂರೂ ಒಂದೇ ಥರ" ಅಂದರು ಟೀಮಿನವರು.

ಈ ತಪ್ಪುಕಲ್ಪನೆಯಲ್ಲಿ ನಮ್ಮ ಕಸುಬಿನವರ ಪಾಲೂ ಇದೆ ಬಿಡಿ. ಯೂನಿಕೋಡಿನವರು 1992ರಲ್ಲಿ ಈ ಭಾಷೆಗಳು ಬಳಸುವ ಚೀನೀ ಮೂಲದ ಅಕ್ಷರಗಳನ್ನೆಲ್ಲ ಒಟ್ಟುಗೂಡಿಸಿ 20,902 ಸಂಕೇತಗಳ ಒಂದೇ ಪೆಟ್ಟಿಗೆಗೆ ತುಂಬಿದರು. ಪೆಟ್ಟಿಗೆ ಒಂದೇ, ಭಾಷೆಗಳು ಮಾತ್ರ ಬೇರೆ ಬೇರೆ. ಚೀನೀಯಲ್ಲಿ ಇಂಗ್ಲಿಷಿನಂತೆ ಕ್ರಿಯಾಪದ ನಡುವೆ ಬರುತ್ತೆ. ಜಪಾನೀ, ಕೊರಿಯನ್ ಎರಡರಲ್ಲೂ ನಮ್ಮ ಕನ್ನಡದ ಹಾಗೆ ಕೊನೆಗೆ. ಕೊರಿಯಾದವರಿಗಂತೂ ರಾಜ ಸೇಜೋಂಗ್ 1446ರಲ್ಲಿ ಪ್ರಕಟಿಸಿದ ಸ್ವಂತ ಲಿಪಿಯೇ ಇದೆ. ಅವರೂ ಅಪ್ಪನಿಗೆ 'ಅಪ್ಪಾ' ಅಂತಾರೆ (ಕಾಕತಾಳೀಯ, ಸಂಬಂಧ ಹುಡುಕೋಕೆ ಹೋಗಬೇಡಿ :) ).

ಆ ಶನಿವಾರ ರಾಯಬಾಗಕ್ಕೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಅಜ್ಜನ ಟ್ರಂಕಿನಿಂದ ಹೊಲದ ಹಳೇ ಕಾಗದದ ಕಟ್ಟು ತೆಗೆದು ನನ್ನ ಮುಂದಿಟ್ಟರು. "ಚೀನಾದವರದು ಓದ್ತೀಯಂತ. ಮನ್ಯಾಗಿನ ಕಾಗದ ಓದಾಕ ಒಬ್ಬರಿಗೂ ಬರೂದಿಲ್ಲಲ್ಲೋ ತಮ್ಮಾ."

ಎಲ್ಲವೂ ಮೋಡಿ ಲಿಪಿ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಕಚೇರಿಯ ಬರಹ ಮರಾಠಿ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು, ಅಲ್ಲೂ ಮರಾಠಿಯ ಮೇಲುಗೈ. ಆ ಶಾಲೆಗಳಿಗೆ ಕನ್ನಡ ತರಲು 19ನೇ ಶತಮಾನದ ಉತ್ತರಾರ್ಧದಲ್ಲಿ ಹೆಣಗಿದವರು ಡೆಪ್ಯುಟಿ ಚನ್ನಬಸಪ್ಪನವರು. 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ನಿಪ್ಪಾಣಿಯ ಸಂತೆಯಲ್ಲಿ, ಮೀರಜಿಗೆ ಅಂಟಿಕೊಂಡಿರುವ ಕಾಗವಾಡದಲ್ಲಿ ಇವತ್ತಿಗೂ ಎರಡೂ ಭಾಷೆ ಬೇಕು. ಅಥಣಿಯಲ್ಲಿ ಹೊಲಿದ ಚಪ್ಪಲಿಯೂ ಕೊಲ್ಹಾಪುರಿ ಎಂದೇ ಮಾರಾಟವಾಗುತ್ತೆ. ಅಂದರೆ 'ಯಾವ ಭಾಷೆ ಕಲಿಯಲಿ' ಎಂಬುದು ನಮ್ಮ ಕಡೆಯವರಿಗೆ ಹೊಸ ಪ್ರಶ್ನೆಯೇ ಅಲ್ಲ.

ಆಗ ನೆನಪಾದವರು ಡಾ. ಆ. ನೇ. ಉಪಾಧ್ಯೆ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು. ಮನೆಯ ಕನ್ನಡ, ಸುತ್ತಲಿನ ಮರಾಠಿ, ಕಾಲೇಜಿನ ಇಂಗ್ಲಿಷ್ ಎಲ್ಲ ಇದ್ದೂ ಅವರು ಹಿಡಿದದ್ದು ಪ್ರಾಕೃತವನ್ನು. ಪ್ರಾಕೃತ ಅಂದರೂ ಒಂದೇ ಅಲ್ಲ. ಅರ್ಧಮಾಗಧಿ, ಶೌರಸೇನಿ, ಮಾಹಾರಾಷ್ಟ್ರಿ ಅಂತ ಹಲವು. 1930ರಿಂದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಕುಂದಕುಂದರ 'ಪ್ರವಚನಸಾರ'ವನ್ನು ಸಂಪಾದಿಸಿ, ಇಂಗ್ಲಿಷಿನಲ್ಲಿ ಉದ್ದನೆಯ ಪ್ರಸ್ತಾವನೆ ಬರೆದು 1935ರಲ್ಲಿ ಹೊರತಂದರು. ಸಂಬಳಕ್ಕೆಂದೇ ಆರಿಸುವವನು ಅರ್ಧಮಾಗಧಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಅಂತ ನನಗನ್ನಿಸುತ್ತೆ. ಜೀವನದ ಬಹುಭಾಗ ಮರಾಠಿ ಊರಿನಲ್ಲಿ ಕಳೆದ ಇದೇ ಉಪಾಧ್ಯೆಯವರು 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು! ಪ್ರಾಕೃತ ಹಿಡಿದರೆ ಕನ್ನಡ ಬಿಟ್ಟುಹೋಗಬೇಕೆಂದೇನೂ ಇಲ್ಲವಲ್ಲ.

ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ಇನ್ನೊಬ್ಬರು ಉತ್ತರಕ್ಕೆ ಹೋಗಿ ಹಿಂದಿಯಲ್ಲಿ 'ಮೂಕಮಾಟಿ' ಮಹಾಕಾವ್ಯ ಬರೆದರು. ಅವರೇ 2024ರಲ್ಲಿ ತೀರಿಕೊಂಡ ಆಚಾರ್ಯ ವಿದ್ಯಾಸಾಗರರು. ಒಂದೇ ಊರಿನ ಇಬ್ಬರು, ಎರಡು ದಾರಿ.

ನನಗೆ ಓದಬೇಕೆನಿಸಿದ್ದು ಯಾವುದು ಅಂತ ಕೇಳಿಕೊಂಡೆ. ಆಫೀಸಿನ ಮೇಲಿಗೆ 'ಜಪಾನೀ' ಅಂತ ಉತ್ತರಿಸಿದೆ. ಹಳೇ ಜಪಾನೀ ಸಿನಿಮಾಗಳನ್ನು ಸಬ್‌ಟೈಟಲ್ ಇಲ್ಲದೆ ನೋಡುವ ಆಸೆ, ಅಷ್ಟೇ. ಅದರ ಜೊತೆಗೆ ಮೋಡಿ ಕಲಿಸುವ ಒಂದು ಪುಸ್ತಕವನ್ನೂ ತರಿಸಿದೆ. ಈ ಲಿಪಿಗೆ 2014ರಲ್ಲೇ ಯೂನಿಕೋಡಿನಲ್ಲಿ ಜಾಗ ಸಿಕ್ಕಿದೆ, ನಮ್ಮ ಮನೆಯಲ್ಲಿ ಓದುವವರಷ್ಟೇ ಸಿಕ್ಕಿಲ್ಲ.

ಮೂರು ಭಾನುವಾರ ಕೂತ ಮೇಲೆ ಮೊದಲ ಕಾಗದದಲ್ಲಿ ಅಜ್ಜನ ಹೆಸರು ಗುರುತು ಹತ್ತಿತು. ಅಂಕಿಗಳು ದೇವನಾಗರಿಯಂತೆಯೇ ಇವೆ, ಅವೂ ಗೊತ್ತಾದವು. ಹೆಸರಿಗೂ ಅಂಕಿಗೂ ನಡುವಿನ ನಾಲ್ಕು ಸಾಲು ಇನ್ನೂ ಬಿಡಿಸಲಾಗಿಲ್ಲ. ಹೊಲ ಕೊಂಡದ್ದೋ, ಅಡ ಇಟ್ಟದ್ದೋ ಅಂತ ಅಪ್ಪ ಪ್ರತಿ ವಾರ ಫೋನ್ ಮಾಡಿ ಕೇಳ್ತಿದ್ದಾರೆ.