ಮಿತ್ರರ ಬಾಂಬಿನ ಕೆಳಗೆ

1942ರ ಆಗಸ್ಟ್ 17ರಂದು ಇಂಗ್ಲೆಂಡಿನ ಗ್ರಾಫ್ಟನ್ ಅಂಡರ್‌ವುಡ್ ನೆಲೆಯಿಂದ ಹೊರಟ 12 ಬಿ-17 ವಿಮಾನಗಳು ರೂಆನ್ ಪಟ್ಟಣದ ರೈಲು ಯಾರ್ಡಿನ ಮೇಲೆ ಬಾಂಬು ಹಾಕಿ, ಒಂದೂ ಕಡಿಮೆಯಾಗದೆ ಮರಳಿದವು. ಮುಂಚೂಣಿಯ ವಿಮಾನ ನಡೆಸಿದ ಪಾಲ್ ಟಿಬೆಟ್ಸ್, ಮೂರು ವರ್ಷದ ನಂತರ ಹಿರೋಶಿಮಾಕ್ಕೆ ಅಣುಬಾಂಬು ಹೊತ್ತೊಯ್ದವನು. ಅಮೆರಿಕದ ಎಂಟನೇ ವಾಯುಪಡೆಯ ಭಾರಿ ಬಾಂಬರುಗಳ ಆ ಮೊದಲ ಗುರಿ ಇದ್ದದ್ದು ಜರ್ಮನಿಯಲ್ಲಲ್ಲ, ಜರ್ಮನರು ಆಕ್ರಮಿಸಿಕೊಂಡಿದ್ದ ಫ್ರಾನ್ಸಿನಲ್ಲಿ. ಬಾಂಬು ಬಿದ್ದದ್ದು ಬಿಡುಗಡೆಗಾಗಿ ಕಾಯುತ್ತಿದ್ದ ಜನರ ಊರಿನ ಮೇಲೆ.

ಆಮೇಲೆ ಇದು ದಿನನಿತ್ಯದ ಕೆಲಸವಾಯಿತು. ಹಗಲು ಅಮೆರಿಕನ್ನರದು, ರಾತ್ರಿ ಬ್ರಿಟಿಷರದು. ಬೆಳಗಾಗುವ ಮೊದಲೇ ಎದ್ದ, ಅಮೆರಿಕನ್ ಬಾಂಬರೊಂದರ ಹತ್ತು ಜನರ ತಂಡ ನಕ್ಷೆ ನೋಡಿಕೊಂಡು ಹೊರಡುತ್ತಿತ್ತು. 25,000 ಅಡಿ ಎತ್ತರದಲ್ಲಿ ಆಕ್ಸಿಜನ್ ಮಾಸ್ಕ್ ಬೇಕೇ ಬೇಕು. ಮೈನಸ್ 40 ಡಿಗ್ರಿಯ ಚಳಿಗೆ ಬೆರಳುಗಳು ಮರಗಟ್ಟುತ್ತಿದ್ದವು. 25 ಹಾರಾಟ ಮುಗಿಸಿದವರು ಮನೆಗೆ ಹೋಗಬಹುದಿತ್ತು. 1943ರಲ್ಲಿ ಅಷ್ಟು ಮುಗಿಸಿದವರೇ ಕಡಿಮೆ. ಆ ವರ್ಷದ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ಮೇಲೆ ನಡೆದ ಒಂದೇ ದಾಳಿಯಲ್ಲಿ 60 ವಿಮಾನಗಳು ನಷ್ಟವಾದವು.

ಅಷ್ಟು ಎತ್ತರದಿಂದ ಒಂದು ಕಾರ್ಖಾನೆಯ ಮೇಲಷ್ಟೇ ಬಾಂಬು ಬೀಳಿಸುವುದು ಸುಲಭವಿರಲಿಲ್ಲ. ಮುಂದಿನ ವಿಮಾನ ಬಾಂಬು ಬಿಟ್ಟ ಕೂಡಲೇ ಹಿಂದಿನವೂ ಬಿಡುತ್ತಿದ್ದವು. ಮುಂದಿನದರ ಲೆಕ್ಕ ತಪ್ಪಿದರೆ ಇಡೀ ಗುಂಪಿನದೂ ತಪ್ಪಿದಂತೆಯೇ.

ಬೆಲ್ಜಿಯಂನ ಆಂಟ್‌ವರ್ಪ್ ಪಕ್ಕದ ಮೋರ್ಟ್‌ಸೆಲ್ ಇದಕ್ಕೆ ಬೆಲೆ ತೆತ್ತಿತು. ಹಿಂದೆ ಮಿನರ್ವಾ ಕಾರು ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ ಎರ್ಲಾ ಎಂಬ ಜರ್ಮನ್ ಕಂಪನಿ ಯುದ್ಧವಿಮಾನಗಳನ್ನು ದುರಸ್ತಿ ಮಾಡುತ್ತಿತ್ತು. ಗುರಿ ನ್ಯಾಯವಾದದ್ದೇ. 1943ರ ಏಪ್ರಿಲ್ 5, ಸೋಮವಾರ ಮಧ್ಯಾಹ್ನ, ಶಾಲೆಗಳು ನಡೆಯುತ್ತಿದ್ದ ಹೊತ್ತು. ಕಾರ್ಖಾನೆಗೂ ಕೆಲವು ಬಾಂಬು ತಗುಲಿದವು. ಬಹುಪಾಲು ಮನೆಗಳ ಮೇಲೆ, ತರಗತಿಗಳ ಮೇಲೆ ಬಿದ್ದವು. ಸತ್ತವರು 936 ಮಂದಿ, ಅವರಲ್ಲಿ 209 ಮಕ್ಕಳು.

1944ರ ಫೆಬ್ರುವರಿ 22ರಂದು ಹವಾಮಾನ ಕೆಟ್ಟು ಜರ್ಮನಿಯಿಂದ ಹಿಂತಿರುಗುತ್ತಿದ್ದ ವಿಮಾನಗಳು ದಾರಿಯಲ್ಲಿ ಸಿಕ್ಕ ಗುರಿಯೆಂದು ಗಡಿಯಾಚೆಯ ಡಚ್ ಪಟ್ಟಣ ನೈಮೇಖನ್ ಮೇಲೆ ಬಾಂಬು ಸುರಿದವು. ಸುಮಾರು 800 ಜನ ಸತ್ತರು.

ನಾರ್ಮಂಡಿಯಲ್ಲಿ ಸೇನೆ ಇಳಿಸುವ ಮೊದಲು ಫ್ರಾನ್ಸಿನ ರೈಲು ಜಾಲವನ್ನೇ ಮುರಿಯುವ ಯೋಜನೆ ಬಂದಾಗ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಅಳುಕಿದರು. ಫ್ರೆಂಚ್ ಸಾವುಗಳು 10,000 ದಾಟಬಾರದೆಂಬ ಮಿತಿ ಅವರ ಮನಸ್ಸಿನಲ್ಲಿತ್ತು. ಸೇನಾಧಿಕಾರಿಗಳ ಕೈ ಕಟ್ಟಲು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಮಿತ್ರಪಡೆಗಳ ಬಾಂಬಿಗೆ ಫ್ರಾನ್ಸಿನಲ್ಲಿ 50,000ಕ್ಕೂ ಹೆಚ್ಚು ನಾಗರಿಕರು ಬಲಿಯಾಗಿದ್ದರು.

ಆದರೂ ಪ್ಯಾರಾಚೂಟ್‌ನಲ್ಲಿ ಇಳಿದ ವೈಮಾನಿಕರನ್ನು ಬಚ್ಚಿಟ್ಟವರು ಇದೇ ಜನ. ಬ್ರಸೆಲ್ಸ್‌ನ ಆಂಡ್ರೇ ಡಿ ಯೋಂಗ್ ಎಂಬ ಯುವತಿ 1941ರಲ್ಲಿ ಕಟ್ಟಿದ ‘ಕಾಮೆಟ್’ ಜಾಲ, ಅಂಥವರನ್ನು ಪ್ಯಾರಿಸ್ ಮೂಲಕ ಪಿರನೀಸ್ ಬೆಟ್ಟ ದಾಟಿಸಿ ಸ್ಪೇನಿಗೆ ತಲುಪಿಸುತ್ತಿತ್ತು. ನೆರವಾದವರು ಸಿಕ್ಕಿಬಿದ್ದರೆ ಮರಣದಂಡನೆಯೂ ಆಗಬಹುದಿತ್ತು. 1943ರ ಜನವರಿಯಲ್ಲಿ ಬೆಟ್ಟದ ಬುಡದಲ್ಲಿ ಆಂಡ್ರೇ ಸೆರೆಸಿಕ್ಕರು. ಮುಂದಿನ ವರ್ಷ ಅವರ ತಂದೆಯನ್ನು ಜರ್ಮನರು ಪ್ಯಾರಿಸ್‌ನಲ್ಲಿ ಗುಂಡಿಟ್ಟು ಕೊಂದರು. ಮಗಳು ನಾಜಿ ಯಾತನಾ ಶಿಬಿರಗಳಿಂದ ಬದುಕಿ ಬಂದು, ದಾದಿಯಾಗಿ ಕಲಿತು, ಆಫ್ರಿಕಾದ ಕುಷ್ಠರೋಗ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದರು.