ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್, 1951ರ ಸಾಲು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆಸೂಟ್ ಪಾದ್ರಿಗಳು ನಡೆಸುವ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಡಾನ್ಸ್ ಎಂದು ಹೆಸರಿತ್ತು. 1951ರ ಸಾಲಿನಲ್ಲಿ ಈ ತಂಡ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದಿತು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಯ ಗಡಿ ದಾಟಿಸುವ ಅಮೆರಿಕನ್ ಫುಟ್‌ಬಾಲ್. ಅಜೇಯ ತಂಡಗಳು ಆ ದೇಶದ ಕಾಲೇಜು ಕ್ರೀಡೆಯಲ್ಲಿ ಅಪರೂಪವೇನಲ್ಲ. ಈ ತಂಡವನ್ನು ಇಂದಿಗೂ ನೆನೆಯುವುದಕ್ಕೆ ಮುಖ್ಯ ಕಾರಣ ಅದಕ್ಕೆ ಸಿಗದೇ ಹೋದ ಹತ್ತನೆಯ ಪಂದ್ಯ.

ಕೋಚ್ ಜೋ ಕುಹಾರಿಕ್ 1948ರಲ್ಲಿ ತಂಡದ ಹೊಣೆ ಹೊತ್ತಿದ್ದರು. ಆಕ್ರಮಣದ ಮುಖ್ಯ ಶಕ್ತಿ ಆಲಿ ಮ್ಯಾಟ್ಸನ್. ಒಂಬತ್ತು ಪಂದ್ಯಗಳಲ್ಲಿ ಚೆಂಡು ಹಿಡಿದು ಓಡಿ ಅವರು ಗಳಿಸಿದ್ದು 1,566 ಗಜ, ಎಂದರೆ ಪಂದ್ಯಕ್ಕೆ ಸರಾಸರಿ 174 ಗಜ. ಆ ವರ್ಷ ಇಡೀ ದೇಶದಲ್ಲಿ ಅದೇ ಅತಿ ಹೆಚ್ಚು. ಗಡಿ ದಾಟಿ ಗಳಿಸಿದ ಟಚ್‌ಡೌನ್‌ಗಳು 21. ರಕ್ಷಣೆಯಲ್ಲಿ ಬರ್ಲ್ ಟೋಲರ್ ಮತ್ತು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಜೀನೊ ಮಾರ್ಕೆಟಿ ಇದ್ದರು. ಎತ್ತರದ ಆಳು ಬಾಬ್ ಸೇಂಟ್ ಕ್ಲೇರ್, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಡ್ ಬ್ರೌನ್ ಇದೇ ತಂಡದವರು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ತರುಣ ಪೀಟ್ ರೋಜೆಲ್, 1960ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಯುಕ್ತರಾದರು.

ಮೊದಲ ಪಂದ್ಯದಲ್ಲಿ ಸ್ಯಾನ್ ಹೋಸೆ ಸ್ಟೇಟ್ 39–2ರಿಂದ ಸೋತಿತು. ಆ ಎರಡು ಅಂಕವೂ ಎದುರಾಳಿ ಗಡಿ ದಾಟಿ ಗಳಿಸಿದ್ದಲ್ಲ. ಡಾನ್ಸ್ ತಂಡದವರು ತಮ್ಮದೇ ಗಡಿಯೊಳಗೆ ಸಿಕ್ಕಿಬಿದ್ದು ಬಿಟ್ಟುಕೊಟ್ಟದ್ದು. ಇಡೀ ಸಾಲಿನಲ್ಲಿ ನಿಜವಾದ ಜಿದ್ದಾಜಿದ್ದಿ ಕಂಡದ್ದು ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ, ಇನ್ನೊಂದು ಜೆಸೂಟ್ ಸಂಸ್ಥೆಯಾದ ಫೋರ್ಡಂ ವಿರುದ್ಧ. ಎದುರಾಳಿ ಒದ್ದ ಚೆಂಡನ್ನು ತನ್ನ ಗಡಿಯ ಹತ್ತಿರ ಹಿಡಿದು ಮೈದಾನದ ಆ ತುದಿಯವರೆಗೆ ಓಡಿ ಅಂಕ ಗಳಿಸುವುದು ಒಬ್ಬ ಆಟಗಾರನಿಗೆ ವರ್ಷದಲ್ಲಿ ಒಮ್ಮೆ ದಕ್ಕಿದರೂ ದೊಡ್ಡದು. ಮ್ಯಾಟ್ಸನ್ ಅದನ್ನು ಆ ಒಂದೇ ಪಂದ್ಯದಲ್ಲಿ ಎರಡು ಸಲ ಮಾಡಿದರು. ಅಷ್ಟಾದರೂ ಗೆದ್ದದ್ದು 32–26ರಿಂದ. ನವೆಂಬರ್‌ನಲ್ಲಿ ಬಲಿಷ್ಠವೆನಿಸಿದ್ದ ಕಾಲೇಜ್ ಆಫ್ ದ ಪೆಸಿಫಿಕ್ ತಂಡವನ್ನು 47–14ರಿಂದ ಬಗ್ಗುಬಡಿದರು. ಲಾಸ್ ಏಂಜಲೀಸ್‌ನ ಲಯೋಲಾ ವಿರುದ್ಧದ 20–2 ಗೆಲುವಿನೊಂದಿಗೆ ಸಾಲು ಮುಗಿಯಿತು.

ಸಾಲು ಮುಗಿದ ಮೇಲೆ ಹೊಸ ವರ್ಷದ ಆಸುಪಾಸಿನಲ್ಲಿ ಆಯ್ದ ತಂಡಗಳನ್ನು ಕರೆದು ಆಡಿಸುವ ‘ಬೌಲ್’ ಪಂದ್ಯಗಳಿರುತ್ತವೆ. ಆರೆಂಜ್, ಶುಗರ್, ಗೇಟರ್ ಬೌಲ್‌ಗಳು ನಡೆಯುತ್ತಿದ್ದುದು ವರ್ಣಭೇದ ಕಾನೂನುಬದ್ಧವಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ. ಮ್ಯಾಟ್ಸನ್ ಮತ್ತು ಟೋಲರ್ ಕಪ್ಪುವರ್ಣೀಯರು. ಅವರಿಬ್ಬರನ್ನು ಬಿಟ್ಟು ಬರುವುದಾದರೆ ಆಹ್ವಾನ ಸಿಗಬಹುದೆಂಬ ಸೂಚನೆ ಬಂದಿತ್ತು, ಉಳಿದವರು ಅದಕ್ಕೆ ಒಪ್ಪಲಿಲ್ಲ ಎಂದು ತಂಡದವರು ಮುಂದೆ ಹಲವು ಸಲ ಹೇಳಿದ್ದಾರೆ. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಟೋಲರ್ ಟೆನೆಸಿಯ ಮೆಂಫಿಸ್‌ನವರು. ಬಾಗಿಲು ಮುಚ್ಚಿದ್ದು ಅವರ ಹುಟ್ಟೂರುಗಳ ಸೀಮೆಯೇ. ಡಾನ್ಸ್ ಎದುರಿಸಿದ ತಂಡಗಳು ಅಷ್ಟೇನೂ ಗಟ್ಟಿ ಇರಲಿಲ್ಲ ಎಂಬ ವಾದವೂ ಇದೆ. ಎದುರಾಳಿಗಳಲ್ಲಿ ಸೈನಿಕ ನೆಲೆಗಳ ತಂಡಗಳೂ ಇದ್ದುದರಿಂದ ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಎದುರಾಳಿ ದುರ್ಬಲನೆಂಬ ದೂರಿಗೆ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರುವುದು ಪರಿಹಾರವಾಗುವುದಿಲ್ಲ.

ಆಹ್ವಾನ ತಪ್ಪಿದ್ದು ಗೌರವದ ಪ್ರಶ್ನೆ ಮಾತ್ರವಾಗಿರಲಿಲ್ಲ. ಬೌಲ್ ಪಂದ್ಯದಲ್ಲಿ ಆಡಿದ ತಂಡಕ್ಕೆ ಟಿಕೆಟ್ ಹಣದ ಪಾಲು ಸಿಗುತ್ತಿತ್ತು, ಡಾನ್ಸ್ ನಷ್ಟದಲ್ಲಿತ್ತು. ತವರು ಮೈದಾನವಾದ ಕೀಜರ್ ಸ್ಟೇಡಿಯಂನಲ್ಲಿ ವೃತ್ತಿಪರ 49ಅರ್ಸ್ ತಂಡವೂ ಆಡುತ್ತ ಪ್ರೇಕ್ಷಕರನ್ನು ಸೆಳೆಯುತ್ತಿತ್ತು. ಆಸುಪಾಸಿನ ಕ್ಯಾಥೊಲಿಕ್ ಕಾಲೇಜುಗಳದೂ ಇದೇ ಪಾಡು: ಸೇಂಟ್ ಮೇರೀಸ್ ಆಗಲೇ ಆಟ ನಿಲ್ಲಿಸಿತ್ತು, ಸಾಂಟಾ ಕ್ಲಾರಾ 1952ರ ಸಾಲಿನ ನಂತರ ಕೈಬಿಟ್ಟಿತು. ಹಾಗಾಗಿ ಒಂದು ಬೌಲ್ ಪಂದ್ಯದ ಹಣ ಡಾನ್ಸ್ ತಂಡವನ್ನು ಎಷ್ಟು ಕಾಲ ಉಳಿಸುತ್ತಿತ್ತು ಎಂಬುದು ಅನುಮಾನವೇ. ಒಂಬತ್ತಕ್ಕೆ ಒಂಬತ್ತು ಗೆದ್ದ ಬೆನ್ನಲ್ಲೇ ವಿಶ್ವವಿದ್ಯಾಲಯ ಫುಟ್‌ಬಾಲ್ ವಿಭಾಗವನ್ನು ಮುಚ್ಚಿತು.

ಕುಹಾರಿಕ್ 1952ರಲ್ಲಿ ಎನ್‌ಎಫ್‌ಎಲ್‌ನ ಶಿಕಾಗೊ ಕಾರ್ಡಿನಲ್ಸ್ ತಂಡದ ಕೋಚ್ ಆದರು. ಅದೇ ತಂಡ ಮ್ಯಾಟ್ಸನ್‌ರನ್ನೂ ಆರಿಸಿಕೊಂಡಿತು. ಅಲ್ಲಿ ಆಡುವ ಮುನ್ನ ಅವರು ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಕಂಚು, ರಿಲೇಯ ಬೆಳ್ಳಿ ಗೆದ್ದು ಬಂದರು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ‘ಹಾಲ್ ಆಫ್ ಫೇಮ್’ಗೆ ಸೇರಿದ್ದಾರೆ. ಟೋಲರ್ ಅವರ ಮೊಣಕಾಲು 1952ರ ಪ್ರದರ್ಶನ ಪಂದ್ಯವೊಂದರಲ್ಲಿ ಜಖಂಗೊಂಡು ವೃತ್ತಿಪರ ಆಟ ಶುರುವಾಗುವ ಮೊದಲೇ ಮುಗಿಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಿಕ್ಷಕರಾಗಿ, ಮುಖ್ಯೋಪಾಧ್ಯಾಯರಾಗಿ ದುಡಿದರು. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪುವರ್ಣೀಯ ಪಂದ್ಯಾಧಿಕಾರಿಯಾಗಿ ಮೈದಾನಕ್ಕೆ ಮರಳಿದರು. ಆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲೂ 1980ರಲ್ಲಿ ತೀರ್ಪು ನೀಡಿದರು.